ಅಡಿಟಿಪ್ಪಣಿ ಹದಿನೇಳು

ಮಗಳು ಬೆಲ್‌ಗ್ರೇಡಿನಿಂದ ಫೋನು ಮಾಡಿದಾಗ
ನಾನು ಹಂದಿಯ ತೊಡೆಗೆ ಉಪ್ಪು ತಿಕ್ಕುತ್ತಿದ್ದೆ.
ಈ ವರ್ಷ ರಕ್ತಪಿಶಾಚಿ ತಗೊಂಡಿದೀನಿ ಅಪ್ಪ, ಅಂದಳು ಸೆಂಕಾ,
ಯಾರೋ ಗಣಿತ ತಗೊಂಡೆ ಅನ್ನುವ ಹಾಗೆ.

ಎರಡು ಹೋರಿ ಮಾರಿ ಕಟ್ಟಿದ ಫೀಸು.
ಮೊರಾವಾ ದಂಡೆಯಲ್ಲಿ ಪಿಶಾಚಿಗೇನು ಬರ?
ನನ್ನಜ್ಜಿ ಪುಕ್ಕಟೆ ಕಲಿಸುತ್ತಿದ್ದಳು,
ಒಲೆ ಮುಂದೆ, ಬೆಳ್ಳುಳ್ಳಿ ಬಿಡಿಸುತ್ತ.
ಅಂಗಡಿಗೆ ಬಂದವರು ಕೇಳಿದರೆ
ವಕೀಲಿ ಓದ್ತಿದಾಳೆ ಅಂದುಬಿಟ್ಟೆ.
ನೆತ್ತರು ಹೀರುವ ವಿದ್ಯೆ ತಾನೆ,
ಅಷ್ಟೇನೂ ಸುಳ್ಳಲ್ಲ.

ನವೆಂಬರಿನಲ್ಲಿ ಮತ್ತೆ ಫೋನು:
ಅಪ್ಪ, ಸತ್ತ ಪ್ರಾಣಿಯೊಳಗೆ ಉಳಿದ ನೆತ್ತರು
ಚಳಿಗಾಲದಲ್ಲಿ ಎಷ್ಟು ದಿನ ನೀರಾಗಿರುತ್ತೆ?

ನಲವತ್ತು ವರ್ಷ ಕತ್ತಿ ಹಿಡಿದಿದ್ದೇನೆ,
ಯಾರೂ ಕೇಳಿರಲಿಲ್ಲ.
ಕೈ ಒರೆಸಿಕೊಂಡು, ಸ್ಟೂಲು ಎಳೆದು ಕೂತು ಹೇಳಿದೆ:
ಹೆಪ್ಪುಗಟ್ಟಿದ್ದು ಮತ್ತೆ ಕರಗುವುದುಂಟು.
ಹೊಟ್ಟೆ ಉಬ್ಬುವುದುಂಟು, ಬಾಯಂಚಿಗೆ ಕೆಂಪು ಬರುವುದುಂಟು,
ಚರ್ಮ ಹಿಂದೆ ಸರಿದರೆ ಗೊರಸು ಬೆಳೆದ ಹಾಗೆ ಕಾಣುತ್ತೆ,
ಹೊರಳಿಸಿದರೆ ನರಳುವುದೂ ಉಂಟು. ಹೆದರಬೇಡ, ಒಳಗಿನ ಗಾಳಿ.
ಆ ಕಡೆ ಪೆನ್ನು ಸರಸರ.
ನಿಧಾನ ಅಪ್ಪ, ನಿಧಾನ.

ಈಸ್ಟರಿಗೆ ಬಂದವಳ ಚೀಲದಲ್ಲಿ ಒಂದು ಹಳೇ ವರದಿ,
ಸೇನೆಯ ವೈದ್ಯನೊಬ್ಬ ಬರೆದದ್ದು.
ಗೋರಿ ಅಗೆದರು. ಹೆಂಗಸು ಕೊಳೆತಿರಲಿಲ್ಲ. ತುಟಿಯಲ್ಲಿ ರಕ್ತ.
ಗೂಟ ಹೊಡೆದರು. ಕೂಗಿದಳು.
ಇಲ್ಲಿತನಕ ನಿನ್ನ ಕಸುಬು ಅಪ್ಪ, ಅಂದಳು,
ನನ್ನದು ಇದರ ಹಿಂದಿನ ಪುಟ.
ಆ ಚಳಿಗಾಲ ಹನ್ನೊಂದು ಗೋರಿ. ಇವಳದನ್ನೇ ಯಾಕೆ ಅಗೆದರು?

ನದಿಯಾಚೆಯಿಂದ ಬಂದವಳು, ಯಗೋದಾ. ವಿಧವೆ.
ಗಿರಣಿ ಪಕ್ಕದ ಹೊಲ ಅವಳ ಹೆಸರಲ್ಲಿತ್ತು.
ಸತ್ತ ಮೇಲೆ ಅವಳನ್ನು ಮೊದಲು ಕಂಡವನು ಗಿರಣಿಯವನು.
ಆಮೇಲಿನವರು ಯಾರೂ ಕಂಡಿದ್ದಲ್ಲ, ಕೇಳಿದ್ದು.
ಪ್ರತಿ ಸಾಲಿನ ಬಾಲಕ್ಕೂ ಸೆಂಕಾಳ ಪೆನ್ಸಿಲಿನ ಸುತ್ತು:
ಬಂದಳಂತೆ. ಎದೆ ಮೇಲೆ ಕೂತಳಂತೆ.
ಹಸುವಿನ ಹಾಲು ಇಂಗಿತಂತೆ.
ಅವಳ ಟೀಚರು ವುಕೋಸಾವಾ ಇಡೀ ಒಂದು ಸೆಮಿಸ್ಟರು
ಈ 'ಅಂತೆ'ಯನ್ನೇ ಹೆಕ್ಕಿಸಿದಳಂತೆ, ಅಕ್ಕಿಯಲ್ಲಿ ಕಲ್ಲು ಹೆಕ್ಕಿಸಿದ ಹಾಗೆ.
(ನೋಡಿ, ನನ್ನ ಬಾಯಲ್ಲೂ ಬಂತು.)

ಅಂತೆಕಂತೆಗೂ ಪದವಿ ಕೊಡ್ತಾರೇನೆ?
ನಕ್ಕೆ. ಅವಳೂ ನಕ್ಕಳು,
ನನ್ನ ಲೋಟಕ್ಕೆ ಇನ್ನಷ್ಟು ರಕಿಯಾ ಸುರಿದಳು.

ಆ ಬೇಸಿಗೆ ಹಾಳುಬಿದ್ದ ಇಟ್ಟಿಗೆ ಗೂಡಿಗೆ
ಗಡಿ ದಾಟಿ ಬಂದ ಒಂಬತ್ತು ಸಂಸಾರ.
ಊರಲ್ಲಿ ಮೂರು ಮಕ್ಕಳಿಗೆ ಜ್ವರ.
ನನ್ನ ಅಂಗಡಿಯಲ್ಲಿ, ಕೈಮಾಕ್ಕೂ ಲಿವರಿಗೂ ನಡುವೆ:
ಅವರು ಬಂದ ಮೇಲೇ ಅಂತೆ.
ಬಾವಿ ಹತ್ತಿರ ಕಂಡರಂತೆ.
ರಾತ್ರಿಯಂತೆ.

ಪಕ್ಕೆಲುಬಿನ ಮೇಲೆ ಎತ್ತಿದ ಕತ್ತಿ ಹಾಗೇ ನಿಂತಿತು.
ಕಂಡವರು ಯಾರು? ಅಂದೆ.
ಹೇಳ್ತಾರಪ್ಪ.
ಯಾರು ಹೇಳ್ತಾರೆ? ಹೆಸರು?
ಫ್ರೀಜರಿನ ಗುಂಯ್ ಬಿಟ್ಟರೆ ಏನೂ ಇಲ್ಲ.
ಒಬ್ಬಳು ತೂಗಿಸಿದ ಮಾಂಸ ಬಿಟ್ಟು ಎದ್ದು ಹೋದಳು.
ಇಬ್ಬರು ಇವತ್ತಿಗೂ ಅಂಗಡಿಗೆ ಬರುವುದಿಲ್ಲ.

ಆ ರಾತ್ರಿ ಹೊರಡುತ್ತೇವೆ ಅಂದಿದ್ದವರು ಹದಿನೈದು,
ಹೊರಟವರು ಆರು.
ಆರು ಜನವೂ ಹೆಚ್ಚೇ.
ಒಂದು ಡೇರೆ ಸುಟ್ಟರು, ಒಂದು ಮಗುವಿನ ಸೈಕಲ್ಲು.
ಬೆಳಿಗ್ಗೆ ನಾನೇ ಹೋಗಿ ನೋಡಿ ಬಂದೆ,
ಕಂಡದ್ದನ್ನು ಕಂಡ ಹಾಗೆ ಪೊಲೀಸಿಗೆ ಬರೆದುಕೊಟ್ಟೆ.

ಈಗ ತಕ್ಕಡಿ ಪಕ್ಕ ನೀಲಿ ರಟ್ಟಿನ ಪ್ರಬಂಧ.
ಪೂರ್ತಿ ಓದಿಲ್ಲ, ಸುಳ್ಳೇಕೆ.
ತೊಂಬತ್ಮೂರನೇ ಪುಟದ ಬುಡದಲ್ಲಿ, ಇರುವೆ ಗಾತ್ರದ ಅಕ್ಷರ:
ಹದಿನೇಳು. ಹೇಳಿದವರು ವಿದೋಯೆ ಗ್ರುಯಿಚ್, ಕಸಾಯಿ,
ದೂರವಾಣಿಯಲ್ಲಿ, ನವೆಂಬರ್ ಒಂಬತ್ತು.

ಹೆಸರಿದೆ, ಕಸುಬಿದೆ, ತಾರೀಖಿದೆ.
ಪುಟದ ಅಂಚಿಗೆ
ನನ್ನದೇ ಹೆಬ್ಬೆಟ್ಟಿನ ಕೊಬ್ಬಿನ ಕಲೆ.